ಇನ್ನೂ ಸ್ವಲ್ಪ ದಿನ ಓಡಲಿ

ಮಿಕ್ಸಿ ಹಳತಾದರೆ ಅದೇ ಕಿರುಚಿ ಹೇಳುತ್ತದೆ. ಕಂಪ್ಯೂಟರ್ ಹಳತಾದದ್ದನ್ನು ಮಾತ್ರ ನೆಂಟರು ಬಂದು ಹೇಳಬೇಕು. ನಮ್ಮ ಮನೆಯಲ್ಲಿ ಆ ಕೆಲಸ ತಂಗಿಯ ಮಗನದು. "ಮಾವ, ಪ್ರೊಸೆಸರ್ ಬದಲಾಯಿಸಿ" ಎಂದು ಬಂದಾಗಲೆಲ್ಲ ಹೇಳುತ್ತಾನೆ. ದುಡ್ಡಿನ ಮಾತು ಎತ್ತಿದರೆ ಮೊಬೈಲು ನೋಡುತ್ತಾನೆ.

ನಾನು ಮುಂದೂಡುವವರ ಪಂಗಡದವನು. ಇದಕ್ಕೆ ಶಾಸ್ತ್ರಾಧಾರವೂ ಉಂಟು. ಚಿಪ್ಪಿನ ಮೇಲೆ ಕೂರುವ ಬಿಡಿಭಾಗಗಳು ವರ್ಷವರ್ಷವೂ ದುಪ್ಪಟ್ಟಾಗುತ್ತವೆ ಎಂದು ಚಿಪ್ ತಂತ್ರಜ್ಞ ಗಾರ್ಡನ್ ಮೂರ್ 1965ರಲ್ಲಿ ಹೇಳಿದರು, 1975ರಲ್ಲಿ ಅದನ್ನು ಎರಡು ವರ್ಷಕ್ಕೆ ತಿದ್ದಿದರು. ಅಂದಮೇಲೆ ಇವತ್ತು ಕೊಳ್ಳುವವನು ದಡ್ಡ, ಎರಡು ವರ್ಷ ತಡೆದವನು ಜಾಣ. ಈ ಲೆಕ್ಕ ಹಿಡಿದು ಹೊರಟರೆ ಸಾಯುವ ತನಕ ಏನನ್ನೂ ಕೊಳ್ಳದೆ ಜಾಣನಾಗಿಯೇ ಇರಬಹುದು. ಆದರೆ 2025ರ ಕೊನೆಗೆ, ಎಐ ಡೇಟಾ ಸೆಂಟರುಗಳ ಹಸಿವಿಗೆ ಸಿಕ್ಕಿ ರ‍್ಯಾಮಿನ ಬೆಲೆ ಚಿನ್ನದ ಹಿಂದೆ ಓಡತೊಡಗಿತು. ನಮ್ಮ ಪಂಗಡ ಸದ್ಯಕ್ಕೆ ಮೌನವಾಗಿದೆ.

ಪ್ರೊಸೆಸರ್ ಒಂದನ್ನೇ ಬದಲಾಯಿಸುತ್ತೇನೆಂಬುದು ಬರೀ ಭ್ರಮೆ. ಹೊಸ ಪ್ರೊಸೆಸರ್ ನನ್ನ ಹಳೆಯ ಬೋರ್ಡಿನ ಮೇಲೆ ಕೂರುವುದಿಲ್ಲ. ಬೋರ್ಡು ಹೊಸದಾದರೆ ಡಿಡಿಆರ್3 ರ‍್ಯಾಮ್ ಅದಕ್ಕೆ ಇಳಿಯುವುದಿಲ್ಲ. ಕಡ್ಡಿಯ ಅಂಚಿನ ಕಚ್ಚೇ ಬೇರೆ ಜಾಗದಲ್ಲಿದೆ. ಆಮೇಲೆ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಸಾಲದು ಅನ್ನುತ್ತಾರೆ. ಕೊನೆಗೆ ಹಳತೆಂದು ಉಳಿಯುವುದು ಮೌಸ್‌ಪ್ಯಾಡ್ ಮತ್ತು ಯಜಮಾನ. ಮೂಗಿಗಿಂತ ಮೂಗುತಿ ಭಾರ!

ರಿಪೇರಿಗೆ ನಾನೇನೂ ಹಿಂದೆ ಬಿದ್ದವನಲ್ಲ. ಬೀಪ್ ಬೀಪ್ ಎಂದು ಹಟ ಹಿಡಿದಾಗ ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಲ್ಲಿ ಉಜ್ಜಿ, ರಬ್ಬರಿನ ಪುಡಿ ಊದಿ, ಎರಡೂ ತುದಿಯ ಕ್ಲಿಪ್ಪು ಟಕ್ ಎನ್ನುವವರೆಗೆ ಒತ್ತಿದರೆ ಏಳುತ್ತದೆ. ಇನ್ನೊಂದು ಸಲ, ಬೆಳಗಾದರೆ ಸಾಕು, ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿ ಬ್ಯಾಂಕಿನ ಪುಟ ತೆರೆಯದೆ ಕಾಡುತ್ತಿತ್ತು. ನಾಣ್ಯದಂಥ ಒಂದು ಸೆಲ್ ಹಾಕಿದೆ, ವರ್ತಮಾನಕ್ಕೆ ಬಂತು. ಇಂಥ ಅಗ್ಗದ ಜಯಗಳೇ ನನ್ನ ಮುಂದೂಡಿಕೆಗೆ ಕುಮ್ಮಕ್ಕು.

ಅಂತೂ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ. ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕಾದ ಅಂಗಡಿ. ನೇತುಹಾಕಿದ ಕೇಬಲ್ಲುಗಳ ನಡುವಿನಿಂದ ಒಂದು ಮುಖ.

"ಕಂಪ್ಯೂಟರಲ್ಲಿ ಏನ್ ಮಾಡ್ತೀರಾ ಸಾರ್?"

ತಂಗಿಯ ಮಗ ಕೇಳದೇ ಬಿಟ್ಟಿದ್ದ ಪ್ರಶ್ನೆ!

"ನುಡಿಯಲ್ಲಿ ಬರೀತೀನಿ, ಮೇಲ್ ಕಳಿಸ್ತೀನಿ."

"ಅಷ್ಟಕ್ಕೆ ಪ್ರೊಸೆಸರ್ ಯಾಕೆ? ಎಸ್‌ಎಸ್‌ಡಿ ಹಾಕ್ಸಿ, ಸಾಕು."

ಆತನ ಮಾತಿನಲ್ಲಿ ಗಣಿತವಿತ್ತು. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸುತ್ತು ಸುತ್ತುತ್ತದೆ. ಬೇಕಾದ ಅಕ್ಷರ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗೂ ತುಸು ಹೆಚ್ಚು ಕಾಯಬೇಕು. ನಮಗದು ರೆಪ್ಪೆ ಬಡಿಯುವುದಕ್ಕೂ ಸಾಲದ ಹೊತ್ತು. ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವ ಪ್ರೊಸೆಸರಿಗೆ ಅಷ್ಟರಲ್ಲಿ ಒಂದು ಕೋಟಿಗೂ ಮಿಕ್ಕಿ ಮಿಡಿತ ವ್ಯರ್ಥ. ಪಾಪ, ಅದು ಸೋಮಾರಿಯಲ್ಲ; ರೆಕಾರ್ಡ್ ರೂಮಿನಿಂದ ಕಡತ ಬರಲೆಂದು ಕೂತಿರುವ ತಾಲ್ಲೂಕು ಕಚೇರಿಯ ಗುಮಾಸ್ತ. ಗುಮಾಸ್ತನನ್ನು ಬದಲಾಯಿಸಿದರೆ ಕಡತ ಬೇಗ ಬಂದೀತೇ? ಎಸ್‌ಎಸ್‌ಡಿಯಲ್ಲಿ ಸುತ್ತುವುದೂ ಇಲ್ಲ, ಹಾಗೆ ಕಾಯುವುದೂ ಇಲ್ಲ. ಯಾವ ಭಾಗವನ್ನು ಎಷ್ಟೇ ಚುರುಕಾಗಿಸಿದರೂ, ಒಟ್ಟು ಕೆಲಸದಲ್ಲಿ ಅದರ ಪಾಲೆಷ್ಟೋ ಅಷ್ಟೇ ಲಾಭ ಎಂದು ಕಂಪ್ಯೂಟರ್ ವಿನ್ಯಾಸಕ ಜೀನ್ ಅಮ್ಡಾಲ್ 1967ರಲ್ಲೇ ತೋರಿಸಿಕೊಟ್ಟಿದ್ದರು. ಕೇಬಲ್ಲುಗಳ ನಡುವಿನ ಮುಖ ಅದನ್ನು ಒಂದೇ ವಾಕ್ಯದಲ್ಲಿ ಮುಗಿಸಿತು.

ಒಂದು ಅಳುಕು ಉಳಿಯಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನನ್ನ ಮುದಿಯನನ್ನು ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮುಳುಗುವ ದೋಣಿಗೆ ಹೊಸ ಹುಟ್ಟು ಯಾಕೆ? ಆದರೆ ಎಸ್‌ಎಸ್‌ಡಿಯನ್ನು ನಾಳೆ ಕಳಚಿ ಹೊಸ ಯಂತ್ರಕ್ಕೆ ಹಾಕಬಹುದು. ಡಿಡಿಆರ್3 ರ‍್ಯಾಮಿಗೆ ಸುರಿದ ದುಡ್ಡು ಮಾತ್ರ ಅದರ ಜೊತೆಗೇ ಗುಜರಿಗೆ. ಹೊರಡುವಾಗ ಕೈಯಲ್ಲಿ ಒಯ್ಯಬಹುದಾದ ಭಾಗಕ್ಕೆ ಖರ್ಚು ಮಾಡು ಎಂಬ ಬಾಡಿಗೆ ಮನೆಯವರ ನೀತಿಯೇ ನನಗೆ ಹಿಡಿಸಿತು.

ಮನೆಯಲ್ಲಿ ಹೆಂಡತಿಗೆ ಈ ಅರ್ಥಶಾಸ್ತ್ರವನ್ನೆಲ್ಲ ಒಪ್ಪಿಸಿದೆ.

"ದಿನಾ ಎಷ್ಟೊಂದು ಹೊತ್ತು ಉಳಿಯುತ್ತೆ ಗೊತ್ತಾ?"

"ಉಳಿದ ಹೊತ್ತಲ್ಲಿ ಏನ್ ಮಾಡ್ತೀರಿ?"

ಇದಕ್ಕೆ ಅಮ್ಡಾಲರ ಬಳಿ ಉತ್ತರವಿಲ್ಲ. ಆದರೂ ಹಾಕಿಸಿದೆ. ಬಟನ್ ಒತ್ತಿ ಕನ್ನಡಕ ಒರೆಸುವಷ್ಟರಲ್ಲಿ ಪರದೆ ಸಿದ್ಧ. ನಾನು ಹೆಮ್ಮೆಯಿಂದ, "ನೋಡೇ, ಕಾಫಿ ಬರೋಕೆ ಮುಂಚೆ ಆನ್ ಆಗೋಯ್ತು" ಎಂದು ಕೂಗಿದೆ.

"ಒಳ್ಳೇದಾಯ್ತು ಬಿಡಿ. ಡಿಕಾಕ್ಷನ್ ಇಳಿದಿದೆ, ಹಾಲು ಫ್ರಿಜ್ಜಲ್ಲಿದೆ. ನಂಗೂ ಒಂದು ಲೋಟ" ಎಂದಳು.