ತುಂಬಾ ತೃಪ್ತಿ

(ತಿರುವನಂತಪುರದ ಚಾಲೈ ಬಜಾರು. ಇಲ್ಲಿ ಬಾಳೆಗೊನೆ ಹೊತ್ತವರಿಗೆ ದಾರಿ ಬಿಡುತ್ತಾರೆ, ಗಾಲಿಕುರ್ಚಿಗೆ ಬುದ್ಧಿ ಹೇಳುತ್ತಾರೆ. ಗಾಲಿಕುರ್ಚಿಯಲ್ಲಿ ಕಾಸರಗೋಡು ಕಡೆಯ ವ್ಯಾಪಾರಿ, ಪಕ್ಕದಲ್ಲಿ ತಮ್ಮ. ಅದೇ ಊರ ಕಡೆಯ ಹುಡುಗನೊಬ್ಬ ಸಮೀಕ್ಷೆಗೆಂದು ಟ್ಯಾಬ್ ಹಿಡಿದು ಬರುತ್ತಾನೆ.)

ಹುಡುಗ (ತಮ್ಮನಿಗೆ): ಇವರಿಗೆ ಸರ್ಕಾರಿ ಸೌಲಭ್ಯ ತೃಪ್ತಿಯಾ?

ವ್ಯಾಪಾರಿ: ಕಾಲು ಮಾತ್ರ ಬಾರದ್ದು ಮಾರಾಯ, ಬಾಯಿ ಬರ್ತದೆ. ನನ್ನನ್ನೇ ಕೇಳು.

ಹುಡುಗ: ಮನೆಯ ಮುಖ್ಯಸ್ಥರನ್ನು ಕೇಳಬೇಕಂತೆ ಅಣ್ಣ.

ವ್ಯಾಪಾರಿ: ಮುಖ್ಯಸ್ಥ ನಾನೇ.

ಹುಡುಗ: ಅಯ್ಯೋ, ಆ ಆಯ್ಕೆ ಇದರಲ್ಲಿ ಇಲ್ವಲ್ಲ!

ವ್ಯಾಪಾರಿ: ಕಿವಿ ಕೇಳದವರನ್ನು ಹೇಗೆ ಕೇಳಿದಿರಿ?

ಹುಡುಗ: ಫೋನಲ್ಲಿ. ಎತ್ತಲಿಲ್ಲ. 'ದೂರು ಇಲ್ಲ' ಅಂತ ಬರೆದುಕೊಂಡೆವು.

ವ್ಯಾಪಾರಿ: ನಮ್ಮ ಲೆಕ್ಕವೇ ಹಾಗೆ. 2011ರ ಜನಗಣತಿಯಲ್ಲಿ ನಾವು ಅಂಗವಿಕಲರು ಶೇ. 2.21. ವಿಶ್ವ ಆರೋಗ್ಯ ಸಂಸ್ಥೆ ಲೋಕದಲ್ಲಿ ಶೇ. 16 ಅಂತದೆ. ಉಳಿದವರು ಅಟ್ಟದ ಮೇಲಿದ್ದಾರಾ?

ಹುಡುಗ: ವೈಕಲ್ಯ 7 ವಿಧ ಇದ್ದದ್ದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಆಗಿದೆಯಲ್ಲ ಅಣ್ಣ.

ವ್ಯಾಪಾರಿ: ಪಟ್ಟಿ ಉದ್ದವಾಯ್ತು. ಆಮೇಲೆ ಆರನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ಪ್ರಶ್ನೆಯನ್ನೇ ತೆಗೆದರು. ಐದನೆಯದರಲ್ಲಿ ಇತ್ತು.

ಹುಡುಗ: ಪ್ರಶ್ನೆಯೇ ಇಲ್ಲದಿದ್ದರೆ ಉತ್ತರ ತಪ್ಪುವುದಿಲ್ಲ, ಅಲ್ವಾ?

ವ್ಯಾಪಾರಿ: ನೀನು ಮುಂದೆ ಬರ್ತಿ. ಬರೆದುಕೋ: ಬಸ್ಸಿನ ಮೆಟ್ಟಿಲು...

ಹುಡುಗ: ಮೆಟ್ಟಿಲಿಗೆ ಕಾಲಂ ಇಲ್ಲ. 'ತೃಪ್ತಿ', 'ತುಂಬಾ ತೃಪ್ತಿ' ಎರಡೇ.

ತಮ್ಮ: ಲೋಡು ಬಂತು! ಎರಡನೆಯದನ್ನು ಒತ್ತಿ ಮುಗಿಸಿ ಮಾರಾಯ್ರೆ.

ಹುಡುಗ: ಬಸ್ಸಿನಲ್ಲಿ ಬರುವಾಗಲೇ ಒತ್ತಿ ಆಗಿದೆ. ಅಣ್ಣನ ಹೆಬ್ಬೆಟ್ಟು ಮಾತ್ರ ಬಾಕಿ.

ವ್ಯಾಪಾರಿ: ನನಗೆ ಸಹಿ ಬರ್ತದೆ.

ಹುಡುಗ: ಅದಕ್ಕೂ ಕಾಲಂ ಇಲ್ಲ ಅಣ್ಣ.