ಲಿಂಕ್ ಗೊಬ್ಬರ, ಲಿಂಕ್ ಯುದ್ಧ

2022ರ ಮುಂಗಾರು. ಹೊಳಲ್ಕೆರೆಯ ಒಂದು ಗೊಬ್ಬರದ ಅಂಗಡಿ. ನನಗೆ ಬೇಕಿದ್ದದ್ದು ಅಡಿಕೆ ತೋಟಕ್ಕೆ ಪೊಟ್ಯಾಷ್, ಮೆಕ್ಕೆಜೋಳಕ್ಕೆ ಎರಡು ಚೀಲ ಯೂರಿಯಾ.

"ಪೊಟ್ಯಾಷ್ ಐತೇನಪ್ಪಾ?"

"ಐತೆ ಯಜಮಾನ್ರೇ. ಸಾವಿರದ ಏಳ್ನೂರು."

"ಮೊನ್ನೆ ಮೊನ್ನೆ ಸಾವಿರದ ಆಸುಪಾಸು ಇತ್ತಲ್ಲೋ."

"ಉಕ್ರೇನ್‌ನಲ್ಲಿ ಯುದ್ಧ ನಡೀತೈತಲ್ಲ."

"ನಾವು ಯಾರ ಕಡೇನೂ ಇಲ್ಲ ಅಂತ ದಿಲ್ಲಿಯೋರು ಹೇಳಿದ್ರಲ್ಲ?"

"ಅದನ್ನ ನಂಗೆ ಹೇಳಿದ್ರೆ ಏನ್ ಬಂತು? ಪೊಟ್ಯಾಷ್‌ಗೆ ಹೇಳ್ಬೇಕು."

ಮಾತು ಒಪ್ಪುವಂಥದ್ದೇ. ನಮ್ಮ ದೇಶಕ್ಕೆ ಬೇಕಾದ ಪೊಟ್ಯಾಷ್ ಎಲ್ಲ ಹೊರಗಿನಿಂದ ಬರಬೇಕು. ರಷ್ಯಾ, ಬೆಲಾರಸ್ ಅದರ ದೊಡ್ಡ ಕಣಜಗಳು. ಅಲ್ಲಿ ಬೆಂಕಿ ಬಿದ್ದರೆ ಇಲ್ಲಿ ರಾಮಗಿರಿ ಪಕ್ಕದ ತೋಟಕ್ಕೆ ಬಿಸಿ.

ಇನ್ನು ಯೂರಿಯಾ. "ಅದಕ್ಕೆ ಲಿಂಕ್ ಐತೆ" ಅಂದ. ಎರಡು ಚೀಲ ಬೇಕಾದರೆ ಒಂದು ಟಾನಿಕ್ ಬಾಟಲಿಯನ್ನೂ ಕೊಳ್ಳಬೇಕು. ನನಗೆ ಬಾಟಲಿ ಬೇಡ. ಹಾಗಾದರೆ ಯೂರಿಯಾ ಇಲ್ಲ. ಬಲವಂತವೇನಿಲ್ಲ ಸ್ವಾಮಿ. ಬೇಡ ಅನ್ನುವ ಪೂರ್ತಿ ಸ್ವಾತಂತ್ರ್ಯ ನನಗಿತ್ತು. ಹೊಲದಲ್ಲಿ ಜೋಳ ಮಾತ್ರ ಹಳದಿಯಾಗುತ್ತಿತ್ತು.

ಬಾಟಲಿ ತಂದೆ.

ತಟಸ್ಥ ದೇಶಗಳು ಯುದ್ಧಕ್ಕೆ ಹೇಗೆ ಬೀಳುತ್ತವೆ ಅಂತ ದಪ್ಪ ದಪ್ಪ ಪುಸ್ತಕ ಬರೆದವರಿದ್ದಾರೆ. ಅವರು ಒಮ್ಮೆ ನಮ್ಮೂರ ಗೊಬ್ಬರದ ಸರದಿಯಲ್ಲಿ ಆಧಾರ್ ಕಾರ್ಡು ಹಿಡಿದು ನಿಂತಿದ್ದರೆ ಅಷ್ಟು ಕಾಗದ ಉಳಿಯುತ್ತಿತ್ತು.

ತಟಸ್ಥ ಅಂದರೆ ತಟದಲ್ಲಿ ನಿಂತವನು. ದಡದ ಮೇಲಿದ್ದೇನೆ, ಕಾಲು ಒದ್ದೆಯಾಗಿಲ್ಲ ಅಂತ ಅವನ ಜಂಬ. ಹೊಳೆ ಏರಿದಾಗ ಮೊದಲು ಕುಸಿಯುವುದು ದಡವೇ ಅಂತ ಯಾವ ನಿಘಂಟೂ ಹೇಳುವುದಿಲ್ಲ.

ಎರಡು ಕೋಣ ಕಾದಾಡಿದರೆ ನಡುವಿನ ಗಿಡಕ್ಕೆ ಕುತ್ತು ಅನ್ನುವ ಗಾದೆಯೊಂದಿದೆ. ಗಿಡದ ಮೇಲೆ ಎಷ್ಟು ಕನಿಕರ! ಆ ಗಿಡ ಅಷ್ಟು ದಿನ ಎರಡೂ ಕೋಣಕ್ಕೆ ಸೊಪ್ಪು ಮಾರಿಕೊಂಡಿತ್ತು ಅನ್ನುವುದನ್ನು ಗಾದೆ ಕಟ್ಟಿದವನು ಬಚ್ಚಿಟ್ಟ.

ದೂರ ಯಾಕೆ ಹೋಗಬೇಕು. ನಮ್ಮ ಚಿತ್ರದುರ್ಗವೇ ಇದೆ. ಹೊಳಲ್ಕೆರೆ ಆಗ ದುರ್ಗದ ಸೀಮೆ. ಕಡೆಯ ಮದಕರಿ ನಾಯಕನ ಕಾಲ. ಒಂದು ಕಡೆ ಹೈದರಾಲಿ, ಇನ್ನೊಂದು ಕಡೆ ಮರಾಠರು. ನಡುವೆ ಏಳು ಸುತ್ತಿನ ಕೋಟೆ.

1763ರಲ್ಲಿ ಹೈದರ್ ಬಿದನೂರಿನ ಮೇಲೆ ಹೋದಾಗ ದುರ್ಗ ಅವನ ಜೊತೆ. 1770ರಲ್ಲಿ ಪೇಶ್ವೆ ಮಾಧವರಾಯ ಹೈದರನ ನಿಜಗಲ್ಲಿಗೆ ಮುತ್ತಿಗೆ ಹಾಕಿದಾಗ ದುರ್ಗ ಪೇಶ್ವೆಯ ಜೊತೆ. ದುರ್ಗದವರು ಕಲ್ಲು ಎತ್ತಿಕೊಳ್ಳಬೇಡಿ. ನಾಯಕನ ಪೌರುಷದ ಬಗ್ಗೆ ನನ್ನದೇನೂ ತಕರಾರಿಲ್ಲ. ಎರಡು ಹುಲಿಗಳ ನಡುವೆ ಬದುಕುವವನು ದಿನಕ್ಕೊಂದು ಹುಲಿಯ ಮೈ ಸವರಲೇಬೇಕು. ಸವರಿದ್ದನ್ನು ಹುಲಿ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ ಅನ್ನುವುದಷ್ಟೇ ನನ್ನ ಮಾತು.

1777. ಮರಾಠರೂ ನಿಜಾಮನೂ ಹೈದರನ ಮೇಲೆ ಏರಿ ಬಂದರು. ಪಡೆ ಕಳಿಸು ಅಂದ ಹೈದರ್. ಈ ಸಲ ದುರ್ಗ ಕಾದು ನೋಡಿತು. ಯಾವ ಎತ್ತು ಗೆಲ್ಲುತ್ತದೋ ನೋಡಿ ಬಾಲ ಹಿಡಿಯೋಣ ಅಂತ. ಇಬ್ಬರ ಪರವಾಗಿ ಕಾದಾಡಿದಾಗ ಸಿಗದಿದ್ದ ಶಿಕ್ಷೆ, ಯಾರ ಪರವಾಗಿಯೂ ಹೋಗದಿದ್ದಾಗ ಸಿಕ್ಕಿತು. ಹೈದರ್ ದುರ್ಗಕ್ಕೇ ಮುತ್ತಿಗೆ ಹಾಕಿದ.

ತಿಂಗಳುಗಟ್ಟಲೆ ಕೂತ. ಕೋಟೆ ಬಗ್ಗಲಿಲ್ಲ. ಲಕ್ಷಗಟ್ಟಲೆ ವರಾಹದ ದಂಡಕ್ಕೆ ರಾಜಿಯಾಯಿತು. ಮರಾಠರ ಭಯ ಕಳೆದದ್ದೇ ತಡ ಮತ್ತೆ ಬಂದ. ರಾಜಿಗೆ ಮೂರು ಕಾಸಿನ ಬೆಲೆ. 1779ರಲ್ಲಿ ಒಳಗಿನವರೇ ಕೈಕೊಟ್ಟು ದುರ್ಗ ಬಿತ್ತು.

ದುರ್ಗದ ಮೇಲೆ ಕಣ್ಣಿಟ್ಟು ವರ್ಷಗಟ್ಟಲೆ ಬೆಣ್ಣೆ ಹಚ್ಚಿದ್ದ ಮರಾಠರು ಆಗ ಎಲ್ಲಿದ್ದರು? ಹೈದರನ ಜೊತೆ ಮಾತುಕತೆಯಲ್ಲಿದ್ದರು! ಇಂಗ್ಲಿಷರ ವಿರುದ್ಧ ಪುಣೆ, ನಿಜಾಮ, ಹೈದರ್ ಮೂವರೂ ಒಂದಾದರು. ದುರ್ಗ ಬಿದ್ದ ಮರುವರ್ಷವೇ ಹೈದರ್ ಅದೇ ಗೆಳೆತನದ ಬಲದ ಮೇಲೆ ಕರ್ನಾಟಿಕ್ ಸೀಮೆಗೆ ನುಗ್ಗಿದ. ಕೋಣಗಳು ರಾಜಿಯಾದವು. ಗಿಡದ ಬುಡವೂ ಉಳಿದಿರಲಿಲ್ಲ.

ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು ಅನ್ನುತ್ತದೆ ಹಳೆ ಗೆಜೆಟಿಯರ್. ಅವರ ಗಂಡುಮಕ್ಕಳನ್ನು ಆರಿಸಿ ಚೇಲಾ ಪಡೆ ಕಟ್ಟಿದರು. ಅಪ್ಪ ಯಾರ ಯುದ್ಧಕ್ಕೂ ಹೋಗದೆ ಕೂತಿದ್ದಕ್ಕೆ ಮಗ ಹೈದರನ ಯುದ್ಧ ಮಾಡಿದ.

ಇವತ್ತು ಕೋಟೆಗೆ ಹೋಗಿ. ಗೈಡು ಓಬವ್ವನ ಕಿಂಡಿ ತೋರಿಸುತ್ತಾನೆ. ಬಗ್ಗಿ ನೋಡಿ, ಸೆಲ್ಫಿ ತೆಗೆದುಕೊಂಡು, ಕೆಳಗಿಳಿದು ಮಂಡಕ್ಕಿ ತಿನ್ನುತ್ತೇವೆ. ಒನಕೆ ಎಲ್ಲರಿಗೂ ಗೊತ್ತು. ಬಂಡೆಯ ಕೆಳಗಿನ ದಾರಿಯಲ್ಲಿ ನಡೆದು ಹೋದ ಆ ಇಪ್ಪತ್ತು ಸಾವಿರ ಜನರ ಹೆಸರಲ್ಲಿ ಒಂದು ಬೋರ್ಡೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಇದೆಲ್ಲ ಹಳೆ ಪಾಳೆಯಗಾರಿಕೆ, ನಾಗರಿಕ ದೇಶಗಳು ಹಾಗಲ್ಲ ಅನ್ನುವವರೂ ಇದ್ದಾರೆ. ಅವರಿಗಾಗಿ ನಾಗರಿಕ ದೇಶಗಳ ಪುರಾಣ.

ಬೆಲ್ಜಿಯಂ ತಟಸ್ಥ ಅಂತ 1839ರಲ್ಲಿ ದೊಡ್ಡವರೆಲ್ಲ ಸಹಿ ಹಾಕಿದ್ದರು. ಜರ್ಮನಿಯ ಪ್ರಶ್ಯವೂ ಹಾಕಿತ್ತು. 1914ರ ಆಗಸ್ಟ್ 4ರಂದು ಜರ್ಮನಿ ಅದರ ಮೇಲೆ ನಡೆದು ಹೋಯಿತು. ಅಯ್ಯೋ ಪುಟ್ಟ ದೇಶ, ಅಯ್ಯೋ ತಾಟಸ್ಥ್ಯ ಅಂತ ಬ್ರಿಟನ್ ಎದೆ ಬಡಿದುಕೊಂಡು ಕತ್ತಿ ಹಿರಿಯಿತು. ಒಂದು ವರ್ಷ, ಎರಡು ತಿಂಗಳು. ಅದೇ ಬ್ರಿಟನ್, ಫ್ರಾನ್ಸಿನ ಜೊತೆ ಸೇರಿ, ತಟಸ್ಥ ಗ್ರೀಸಿನ ಸಲೋನಿಕ ಬಂದರಿನಲ್ಲಿ ಸೈನ್ಯ ಇಳಿಸಿತು. ಗ್ರೀಸಿನ ದೊರೆ ಕಾನ್‌ಸ್ಟಂಟೈನ್ ಯುದ್ಧ ಬೇಡ ಅಂದ. ಪ್ರಧಾನಿ ವೆನಿಜೆಲೋಸ್ ಬೇಕು ಅಂದ. ಬೇಕು ಅಂದವನು ಪ್ರಜಾಪ್ರಭುತ್ವವಾದಿ ಆದ, ಬೇಡ ಅಂದವನು ಖಳನಾಯಕನಾದ. ಕಡಲ ದಾರಿ ಕಟ್ಟಿ ಜನರ ಹೊಟ್ಟೆಗೆ ಹೊಡೆದರು. 1917ರ ಜೂನ್‌ನಲ್ಲಿ ದೊರೆಯನ್ನು ಇಳಿಸಿದರು. ಗ್ರೀಸ್ ಆಮೇಲೆ "ಸ್ವಂತ ಇಚ್ಛೆಯಿಂದ" ಯುದ್ಧಕ್ಕೆ ಬಂತು. ನಾನು ಬಾಟಲಿ ತಂದ ಹಾಗೆ.

ಇರಾನ್ ಎರಡನೇ ಮಹಾಯುದ್ಧದಲ್ಲಿ ನಾನು ತಟಸ್ಥ ಅಂದಿತು. 1941ರ ಆಗಸ್ಟ್ 25ಕ್ಕೆ ದಕ್ಷಿಣದಿಂದ ಬ್ರಿಟನ್, ಉತ್ತರದಿಂದ ಸೋವಿಯತ್ ರಷ್ಯಾ ನುಗ್ಗಿದವು. ನಿಮ್ಮಲ್ಲಿ ಜರ್ಮನರಿದ್ದಾರೆ ಅನ್ನುವುದು ಆಪಾದನೆ. ನಿಮ್ಮಲ್ಲಿ ಎಣ್ಣೆ ಇದೆ, ರೈಲು ಇದೆ ಅನ್ನುವುದು ವಿಷಯ. ಮೂರು ವಾರ ಕಳೆದದ್ದೇ ತಡ, ಷಾ ಮನೆಗೆ.

ಕಾಂಬೋಡಿಯ ಇನ್ನೂ ಚೆನ್ನ. ಸಿಹಾನೂಕ್ ತಟಸ್ಥ ನಾಯಕ. ಅಮೆರಿಕದ ಜೊತೆ ಕಾದುತ್ತಿದ್ದ ವಿಯೆಟ್ನಾಮಿನ ಪಡೆಗಳು ಅವನ ಗಡಿಯೊಳಗೆ ಠಿಕಾಣಿ ಹೂಡಿದ್ದವು, ಅವನು ಅತ್ತ ನೋಡಲಿಲ್ಲ. 1969ರ ಮಾರ್ಚ್‌ನಲ್ಲಿ ಅಮೆರಿಕ ಗುಟ್ಟಾಗಿ ಬಾಂಬು ಸುರಿಯತೊಡಗಿತು. ತನ್ನ ಸಂಸತ್ತಿಗೂ ಹೇಳಲಿಲ್ಲ. ಸುಳ್ಳು ದಾಖಲೆ ಬರೆದರು. ಆ ದಾಳಿಗಳಿಗೆ ಇಟ್ಟ ಗುಟ್ಟಿನ ಹೆಸರುಗಳೋ: ಬ್ರೇಕ್‌ಫಾಸ್ಟ್, ಲಂಚ್, ಸ್ನ್ಯಾಕ್, ಡಿನ್ನರ್, ಸಪ್ಪರ್, ಡೆಸರ್ಟ್. ನಮ್ಮ ಹೋಟೆಲಿನವನೂ ಇಷ್ಟು ಹೊತ್ತಿನ ಊಟ ಬಡಿಸುವುದಿಲ್ಲ.

ಅಮೆರಿಕವೂ ಒಂದು ಕಾಲದಲ್ಲಿ ತಟಸ್ಥವೇ. 1916ರ ಚುನಾವಣೆಯಲ್ಲಿ ಅಧ್ಯಕ್ಷ ವಿಲ್ಸನ್ ಪರ ಮತ ಕೇಳಿದ್ದೇ "ನಮ್ಮನ್ನು ಯುದ್ಧದಿಂದ ದೂರ ಇಟ್ಟವರು ಇವರು" ಅಂತ. ಅಲ್ಲಿನ ಬ್ಯಾಂಕುಗಳು ಅಷ್ಟರಲ್ಲಿ ಬ್ರಿಟನ್, ಫ್ರಾನ್ಸಿಗೆ ಕಂತೆ ಕಂತೆ ಸಾಲ ಕೊಟ್ಟಿದ್ದವು. ಸಾಲಗಾರ ಸತ್ತರೆ ಸಾಲ ಕೊಟ್ಟವನ ಗತಿ? 1917ರ ಮಾರ್ಚ್‌ನಲ್ಲಿ ಎರಡನೇ ಸಲದ ಪ್ರಮಾಣವಚನ, ಏಪ್ರಿಲ್ 6ಕ್ಕೆ ಯುದ್ಧ. ಜರ್ಮನಿಯ ಜಲಾಂತರ್ಗಾಮಿಗಳೂ ತಮ್ಮ ಪಾಲಿನ ನೆವ ಒದಗಿಸಿದ್ದವು ಅನ್ನಿ.

ನಮ್ಮನ್ನಂತೂ ಕೇಳುವ ಶಾಸ್ತ್ರವೂ ಇರಲಿಲ್ಲ. ತುರ್ಕಿಗೂ ಮೈಸೂರು ಸಂಸ್ಥಾನಕ್ಕೂ ಯಾವ ಜನ್ಮದ ಹಗೆ? 1914ರಲ್ಲಿ ಮಹಾರಾಜರು ಐವತ್ತು ಲಕ್ಷ ಕೊಟ್ಟರು. 1918ರ ಸೆಪ್ಟೆಂಬರ್‌ನಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಏರಿ ತುರ್ಕರಿಂದ ಹೈಫಾ ಗೆದ್ದುಕೊಟ್ಟರು. ಗೆದ್ದದ್ದು ಯಾರಿಗೆ ಅಂತ ಕೇಳಬೇಡಿ, ಬೆಂಗಳೂರಿನಲ್ಲಿ ಸ್ಮಾರಕ ಇದೆ. 1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತ ಯುದ್ಧದಲ್ಲಿದೆ ಅಂತ ಸಾರಿದ. ಕೋಟಿಗಟ್ಟಲೆ ಜನ ತಾವು ಯುದ್ಧದಲ್ಲಿದ್ದೇವೆ ಅನ್ನುವುದನ್ನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿದರು.

ಈಗ ನಾವು ಸ್ವತಂತ್ರರು. ನಮ್ಮ ತಾಟಸ್ಥ್ಯ ನಮ್ಮದೇ. ಉಕ್ರೇನ್ ಯುದ್ಧದ ಬಗ್ಗೆ ವಿಶ್ವಸಂಸ್ಥೆಯಲ್ಲಿ ಮತ ಹಾಕದೆ ಕೂತೆವು. ಶಾಂತಿ ಬೇಕು ಅಂದೆವು. ರಷ್ಯಾದ ಎಣ್ಣೆ ಅಗ್ಗಕ್ಕೆ ತಂದೆವು. ಅಗ್ಗದ ಎಣ್ಣೆ ಸಮುದ್ರ ದಾಟಿತೇ ಹೊರತು ಹೊಳಲ್ಕೆರೆ ಬಂಕು ಮುಟ್ಟಲಿಲ್ಲ. ಇಲ್ಲಿ ಪೆಟ್ರೋಲು ನೂರರ ಆಸುಪಾಸಿನಲ್ಲೇ ಚಾಪೆ ಹಾಸಿಕೊಂಡು ಮಲಗಿತು.

ಬಾಟಲಿ ಆಮೇಲೆ ಬಂತು. 2025ರ ಆಗಸ್ಟ್‌ನಲ್ಲಿ, ಎಣ್ಣೆ ತಂದ ತಪ್ಪಿಗೆ ಅಮೆರಿಕ ಇನ್ನೂ ಇಪ್ಪತ್ತೈದು ಹೇರಿ ನಮ್ಮ ಸರಕಿನ ಸುಂಕವನ್ನು ಶೇಕಡಾ ಐವತ್ತಕ್ಕೆ ಏರಿಸಿತು. ಯುದ್ಧ ಶುರುವಾದ ಮೇಲೂ ರಷ್ಯಾದ ಗ್ಯಾಸು ಕೊಂಡ ಯುರೋಪು, ರಷ್ಯಾದ ಯುರೇನಿಯಂ ಕೊಂಡ ಅಮೆರಿಕ, ಇಬ್ಬರೂ ಸೇರಿ ನಮಗೆ ನೀತಿಪಾಠ ಹೇಳಿದರು. ಬಾರಿನಿಂದ ಎದ್ದು ಬಂದವನು ಪಾನನಿಷೇಧದ ಭಾಷಣ ಮಾಡಿದ ಹಾಗೆ.

ಯಾರ ಕಡೆಯೂ ಇಲ್ಲದ ದೇಶದ ಹುಡುಗರು ಎಲ್ಲಿದ್ದರು ಗೊತ್ತೇ? ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಊಟದ ಸಾಮಾನಿಗೆ ಸರದಿಯಲ್ಲಿ ನಿಂತಿದ್ದಾಗ ಸತ್ತ. ಮನೆಗೆ ಶವ ಬರಲು ಮೂರು ವಾರ ಹಿಡಿಯಿತು. ಕಲಬುರಗಿ ಕಡೆಯ ಹುಡುಗರು ಏಜೆಂಟರ ಮಾತು ನಂಬಿ ಸೆಕ್ಯುರಿಟಿ, ಹೆಲ್ಪರ್ ಕೆಲಸ ಅಂತ ರಷ್ಯಾಕ್ಕೆ ಹೋದರು. ಕೈಗೆ ಬಂದೂಕು ಕೊಟ್ಟು ಗಡಿಗೆ ಕಳಿಸಿದರು. ದೇಶ ತಟಸ್ಥ, ಹುಡುಗ ಕಂದಕದಲ್ಲಿ. ಅಲ್ಲೂ ಲಿಂಕ್: ಸಂಬಳ ಬೇಕಾದರೆ ಯುದ್ಧವನ್ನೂ ತಗೋ.

ನನ್ನ ಕಣ್ಣಿಗೆ ಬಿದ್ದ ನಿಜವಾದ ತಟಸ್ಥ ಒಬ್ಬನೇ, ನಮ್ಮೂರ ಬಯಲು ಗಣಪ. 1475ರಲ್ಲಿ ಗುಲ್ಯಪ್ಪ ನಾಯಕ ಕೂರಿಸಿದ್ದು. ತಲೆಯ ಮೇಲೆ ಸೂರಿಲ್ಲ. ವಿಜಯನಗರ ಹೋಯಿತು, ದುರ್ಗದವರು ಬಂದರು, ಹೈದರ್ ಬಂದ, ಬ್ರಿಟಿಷರು ಬಂದರು, ಈಗ ಐದು ವರ್ಷಕ್ಕೊಮ್ಮೆ ನಮ್ಮವರು ಕೈಮುಗಿದು ಬರುತ್ತಾರೆ. ಅವನು ಕೂತಲ್ಲೇ ಇದ್ದಾನೆ. ಅವನಿಗೇನು, ಯೂರಿಯಾ ಬೇಕಿಲ್ಲ.

ಹೋದ ಮುಂಗಾರಿನಲ್ಲೂ ಸರದಿಯಲ್ಲಿ ನಿಂತೆ. ಹಿಂದಿದ್ದವನು ಮೊಬೈಲಿನಲ್ಲಿ ಯಾವುದೋ ಊರಿನ ಮೇಲೆ ಕ್ಷಿಪಣಿ ಬೀಳುವುದನ್ನು ನೋಡುತ್ತಿದ್ದ. "ಬಡ್ಕೊಂಡು ಸಾಯ್ಲಿ ಬಿಡಣ್ಣ, ನಮ್ಗೇನು" ಅಂದ. ಅಷ್ಟರಲ್ಲಿ ಅವನ ಪಾಳಿ ಬಂತು. "ಎಷ್ಟು ಚೀಲ?" ಅಂದ ಅಂಗಡಿಯವ. "ಮೂರು." "ಮೂರಕ್ಕೆ ಎರಡು ಬಾಟಲಿ."

ನಮ್ಮ ಮನೆ ಗೂಡಿನಲ್ಲಿ ಈಗ ಒಟ್ಟು ಐದು ಬಾಟಲಿ ಇವೆ. ಒಂದನ್ನೂ ತೆರೆದಿಲ್ಲ. ಯಾರಿಗಾದರೂ ಬೇಕಾದರೆ ಬಂದು ತಗೊಂಡು ಹೋಗಿ. ಲಿಂಕ್ ಏನೂ ಇಲ್ಲ.