ಶ್ರೀ ನಿಯಮ 121 ಸಾಹೇಬರ ಸನ್ನಿಧಾನಕ್ಕೆ

ಗೆ,
ಶ್ರೀಮಾನ್ ನಿಯಮ 121,
ಕೇಂದ್ರ ಮೋಟಾರು ವಾಹನ ನಿಯಮಗಳು, 1989.

ವಿಷಯ: ಮಿಲಿಟರಿ ಗಾಡಿಗೆ ಮಿಲಿಟರಿ ಬಣ್ಣ ಹಚ್ಚಲು ಅಪ್ಪಣೆ ಕೋರಿ.

ಉಲ್ಲೇಖ: ಸಿಂಧನೂರಿನ ನನ್ನ ಮನೆಯಂಗಳದಲ್ಲಿ ಗೋಣಿಚೀಲದ ಮೇಲೆ ಬಿಚ್ಚಿಟ್ಟಿರುವ ಸಾಮಾನು.

ಮಾನ್ಯರೇ,

ಇಂಥ ಅರ್ಜಿಗಳನ್ನು ಮಂತ್ರಿಗಳಿಗೆ ಬರೆಯುವುದು ರೂಢಿ. ಆದರೆ ಮಂತ್ರಿಗಳು ಬದಲಾಗುತ್ತಾರೆ, ಖಾತೆಗಳು ಕೈ ಬದಲಿಸುತ್ತವೆ. ನೀವು ಮಾತ್ರ 1989ರಿಂದ ಕುಂತಲ್ಲೇ ಕುಂತಿದ್ದೀರಿ. ಹಾಗಾಗಿ ನಡುವಿನವರನ್ನು ಬಿಟ್ಟು ನೇರ ನಿಮ್ಮ ಪಾದಕ್ಕೇ ಬಂದಿದ್ದೇನೆ.

ನಿಮ್ಮ ಅಪ್ಪಣೆ ಚಿಕ್ಕದು. ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಹಸಿರು ಬಳಿಯಕೂಡದು. ಆಲಿವ್ ಕಾಯಿಯನ್ನು ನಮ್ಮ ಕಡೆ ಕಣ್ಣಾರೆ ಕಂಡವರು ಅಪರೂಪ. ತುಂಗಭದ್ರಾ ಎಡದಂಡೆ ಕಾಲುವೆ ನಮಗೆ ತಂದುಕೊಟ್ಟದ್ದು ಭತ್ತದ ಹಸಿರು. ಬಣ್ಣದ ಅಂಗಡಿಗೆ ಹೋಗಿ ಬರೀ ‘ಹಸಿರು ಕೊಡಪ್ಪಾ’ ಅಂದರೆ ಸಾಕಾಗುವುದಿಲ್ಲ. ‘ಯಾವ ಹಸ್ರುರಿ? ಬಾಗಿಲದ್ದೋ, ಟ್ರ್ಯಾಕ್ಟರಿಂದೋ, ರೈತ ಸಂಘದ ಶಾಲಿಂದೋ?’ ಎಂದು ಕೇಳುತ್ತಾನೆ. ಇಷ್ಟು ಹಸಿರುಗಳಿಗೆ ಇಲ್ಲದ ಕಾವಲು ಆ ಒಂದಕ್ಕೆ ಮಾತ್ರ ಯಾಕೆ ಎಂದು ನಾನು ಕೇಳುವುದಿಲ್ಲ. ಸೈನ್ಯದ ವೇಷ ಹಾಕಿಕೊಂಡು ಕಂಡವರೆಲ್ಲ ತಿರುಗಿದರೆ ಏನು ಗತಿ ಎಂಬ ನಿಮ್ಮ ಚಿಂತೆ ಒಪ್ಪತಕ್ಕದ್ದೇ. ನನ್ನ ತಕರಾರು ಬೇರೆ. ಕಂಡವರು ಸೈನಿಕರ ವೇಷ ಹಾಕುವುದನ್ನು ತಡೆದಿರಿ, ಸರಿ. ನಿವೃತ್ತ ಸೈನಿಕನ ಮೈಮೇಲಿನ ಅಂಗಿಯನ್ನೂ ಬಿಚ್ಚಿಸುತ್ತೀರಾ?

ಆ ನಿವೃತ್ತ ಸೈನಿಕ ಯಾರೆಂದು ಹೇಳುತ್ತೇನೆ. ಲಿಂಗಸುಗೂರು ಕಡೆಯ ಹೊಲದ ಶೆಡ್ಡಿನಲ್ಲಿ ಮೇವಿನ ಕೆಳಗೆ ಮಲಗಿದ್ದ ಬುಲೆಟ್ಟು. 346 ಸಿಸಿ, ಗೇರು ಬಲಕ್ಕೆ, ಬ್ರೇಕು ಎಡಕ್ಕೆ. ಮಾರಿದವರು ಗಾಡಿಯ ಜೊತೆ ಒಂದು ಇತಿಹಾಸವನ್ನೂ ಕೊಟ್ಟರು: ‘ಪೊಲೀಸ್ ಆಕ್ಷನ್‌ದಾಗ ಬಂದ ಗಾಡಿರಿ ಇದು, ಸೋಜಿರರು ಬಿಟ್ಟು ಹೋದದ್ದು.’ ನಿಜಾಮರ ಮೇಲಿನ ಆ ಕಾರ್ಯಾಚರಣೆ ನಡೆದದ್ದು 1948ರ ಸೆಪ್ಟೆಂಬರಿನಲ್ಲಿ. ಈ ಎಂಜಿನ್ನೋ ಮದ್ರಾಸಿನದು. ಇಂಗ್ಲೆಂಡಿನ ರೆಡ್ಡಿಚ್ ಊರಿನ ಎನ್‌ಫೀಲ್ಡ್ ಕಂಪನಿಯೂ ಮದ್ರಾಸ್ ಮೋಟರ್ಸೂ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದ್ದೇ 1955ರಲ್ಲಿ. ಗಡಿ ಗಸ್ತಿಗೆಂದು ಸೈನ್ಯ ಕೊಟ್ಟ 800 ಗಾಡಿಗಳ ಆರ್ಡರಿನ ಪುಣ್ಯ ಅದು. ಅಂದರೆ ನನ್ನ ಬುಲೆಟ್ಟು ಹುಟ್ಟುವ ಮೊದಲೇ ಯುದ್ಧ ಮುಗಿಸಿ ಬಂದಿದೆ. ಅಭಿಮನ್ಯು ಗರ್ಭದಲ್ಲಿದ್ದು ಚಕ್ರವ್ಯೂಹದ ವಿಷಯ ಕೇಳಿಸಿಕೊಂಡನಷ್ಟೆ, ರಣರಂಗಕ್ಕೇನೂ ಹೋಗಿರಲಿಲ್ಲ.

ಈ ಸೀಮೆಯಲ್ಲಿ ಸೈನ್ಯದ ಕಥೆಗಳಿಗೆ ಬರವಿಲ್ಲ ಬಿಡಿ. ಲಿಂಗಸುಗೂರನ್ನು ಹಳಬರು ‘ಛಾವಣಿ’ ಎಂದೇ ಕರೆಯುತ್ತಿದ್ದರು. ಹೈದರಾಬಾದ್ ಕಂಟಿಂಜೆಂಟಿನ ದಂಡು ಅಲ್ಲಿ ಬೀಡುಬಿಟ್ಟಿತ್ತು. 1858ರಲ್ಲಿ ಸುರಪುರದ ಮೇಲೆ ಹೊರಟ ಪಡೆ ಅಲ್ಲಿಂದಲೇ ಹೋಯಿತು. ಆ ಕಾಲಕ್ಕೆ ಬುಲೆಟ್ ಇರಲಿಲ್ಲ, ಇದ್ದಿದ್ದರೆ ಅದೂ ಮಾರಾಟಕ್ಕೆ ಸಿಗುತ್ತಿತ್ತು.

ಈಗ ಖರ್ಚಿನ ಮಾತು. ಹಳೇ ಗಾಡಿ ಕಟ್ಟುವುದು ಬೆಂಗಳೂರಿನಲ್ಲಿ ಉಳ್ಳವರ ಹವ್ಯಾಸ. ಅಲ್ಲಿ ಟ್ಯಾಂಕಿಗೆ ಚಿನ್ನದ ಗೆರೆ ಎಳೆಯುವವನಿಗೆ ಕೊಡುವ ಹಣದಲ್ಲಿ ಇಲ್ಲಿ ಎಕರೆಗೆ ಗೊಬ್ಬರ ಹಾಕಬಹುದು. ಆದರೆ ಮಿಲಿಟರಿ ಗಾಡಿ ಬಡವನ ಬಂಧು, ಸಾಹೇಬರೇ. ಅದಕ್ಕೆ ಹೊಳಪೇ ಬೇಡ. ಹೊಳೆದರೆ ಶತ್ರುವಿಗೆ ಕಾಣುತ್ತದೆಂದು ರಿಮ್ಮಿನಿಂದ ಹ್ಯಾಂಡಲ್ಲಿನವರೆಗೆ ಎಲ್ಲದಕ್ಕೂ ಅದೇ ಮಂಕು ಹಸಿರು. ಕ್ರೋಮ್ ಪ್ಲೇಟಿಂಗಿನ ಖರ್ಚಿಲ್ಲ, ಚಿನ್ನದ ಗೆರೆಯಿಲ್ಲ, ಪಾಲಿಶ್ ಇಲ್ಲ. ಬ್ರಶ್ಶಿನ ಗೆರೆ ಕಂಡರೂ ನಡೆಯುತ್ತದೆ, ಕಂಡರೇ ಅಸಲಿ ಎನ್ನುವವರೂ ಇದ್ದಾರೆ.

ಮಿಕ್ಕದ್ದಕ್ಕೆ ಸಿಂಧನೂರಿನಂಥ ಊರು ಮತ್ತೊಂದಿಲ್ಲ. ಟ್ರ್ಯಾಕ್ಟರುಗಳೂ ಭತ್ತ ಕೊಯ್ಯುವ ಮಷಿನ್ನುಗಳೂ ಸಾಕಿದ ಊರಿದು. ಟ್ರಾಲಿ ಕಟ್ಟುವ ವೆಲ್ಡಿಂಗ್ ಅಂಗಡಿಯವನು ಮುರಿದ ಸ್ಟ್ಯಾಂಡನ್ನು ಚಹಾ ಆರುವಷ್ಟರಲ್ಲಿ ಕೂಡಿಸಿಕೊಟ್ಟ. ಟ್ರ್ಯಾಕ್ಟರ್ ಸೀಟಿಗೆ ರೆಗ್ಜಿನ್ ಹೊಲಿಯುವವನೇ ಬುಲೆಟ್ಟಿನ ಸ್ಪ್ರಿಂಗ್ ಸೀಟಿಗೂ ಹೊಲಿದ. ವೈರಿಂಗ್ ಅಂತೂ ಟ್ರ್ಯಾಕ್ಟರಿಂದೇ. ಒಂದೇ ಕಡೆ ಎಡವಟ್ಟು: ಹಳೇ ಬುಲೆಟ್ಟಿನ ಎಷ್ಟೋ ನಟ್ಟು ಬೋಲ್ಟುಗಳ ಥ್ರೆಡ್ಡು ಬ್ರಿಟಿಷರ ಇಂಚಿನ ಲೆಕ್ಕದ್ದು, ಟ್ರ್ಯಾಕ್ಟರಿನದು ಮಿಲಿಮೀಟರಿನದು. ಒಂದಕ್ಕೊಂದು ಕೂಡುವಂತೆ ಕಾಣುತ್ತವೆ, ಎರಡು ಸುತ್ತು ತಿರುಗಿ ಕಚ್ಚಿಕೊಳ್ಳುತ್ತವೆ. ಅದಕ್ಕೆ ಲೇತಿನವನ ಕಾಲು ಹಿಡಿಯಬೇಕು, ಅವನು ಸುಗ್ಗಿ ಮುಗಿಯುವವರೆಗೆ ಕಾಲು ಕೂಡ ಕೊಡುವುದಿಲ್ಲ.

ಎಂಜಿನ್ ಹಿಡಿದುಕೊಂಡಿತ್ತು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಡೀಸೆಲ್ ಸುರಿದು ವಾರಗಟ್ಟಲೆ ಬಿಟ್ಟೆವು. ಪಿಸ್ಟನ್ ಮನಸ್ಸು ಕರಗಿಸಿ ಅಲುಗಾಡಿದ ಮೇಲೆ ನೋಡಿದರೆ 70 ಮಿಲಿಮೀಟರಿನ ಬೋರು ಸವೆದು ಗೀರು ಬಿದ್ದಿತ್ತು. ಬೋರಿಂಗ್ ಮಾಡಿಸಿ ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿದ್ದು ಮೆಕ್ಯಾನಿಕ್ ಉಸ್ತಾದರು. ಟ್ಯಾಪೆಟ್ ಹೊಂದಿಸುವುದನ್ನೂ ಅವರೇ ಕಲಿಸಿದರು. ಎಂಜಿನ್ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಶನ್ನಿನಲ್ಲಿ ತುದಿಗೆ ಬಂದು ನಿಂತಿರಬೇಕು. ಆಗ ಪುಶ್‌ರಾಡನ್ನು ಮುಟ್ಟಿ ನೋಡಬೇಕು. ‘ಬೆರಳಿಂದ ತಿರುಗಿಸಿದ್ರ ತಿರುಗಬೇಕ್ರಿ, ಎತ್ತಿದ್ರ ಏಳಬಾರ್ದು. ಸರ್ಕಾರಿ ಆಫೀಸಿನ ಗುಮಾಸ್ತ ಇದ್ದಂಗ.’ ಇದು ಉಸ್ತಾದರ ಮಾತು, ನನ್ನದಲ್ಲ. ನೀವು ಸಿಟ್ಟಾಗಬಾರದು.

ಹೀಗೆ ಎಲ್ಲವೂ ಅಗ್ಗದಲ್ಲಿ ಮುಗಿದು, ಉಳಿದದ್ದು ಒಂದು ಡಬ್ಬಿ ಬಣ್ಣ. ಇಡೀ ಗಾಡಿಯಲ್ಲಿ ಅತಿ ಕಡಿಮೆ ಬೆಲೆಯ ಸಾಮಾನು ಅದೇ, ನೀವು ಕಾವಲು ಕೂತಿರುವುದೂ ಅದರ ಮೇಲೆಯೇ.

ಇನ್ನು ನಿಮ್ಮ ಮುಂದೆ ಒಂದು ಧರ್ಮಸಂಕಟ ಇಡುತ್ತೇನೆ. ಟ್ಯಾಂಕಿನ ಮೇಲೆ ಹಿಂದಿನ ಮಾಲೀಕರ ಕರಿ ಬಣ್ಣವಿತ್ತು. ಪಾಲಿಶ್ ಪೇಪರ್ ಹಿಡಿದು ಉಜ್ಜಿದೆ. ಕರಿಯ ಕೆಳಗೆ ಕೆಂಪು ಬಂತು. ಕೆಂಪಿನ ಕೆಳಗೆ, ಸಾಹೇಬರೇ, ಸಾಕ್ಷಾತ್ ಆಲಿವ್ ಹಸಿರು! ಮದ್ರಾಸಿನಲ್ಲಿ ಹಚ್ಚಿದ್ದೋ, ಯಾವ ಡಿಪೋದಲ್ಲಿ ಹಚ್ಚಿದ್ದೋ, ಗಟ್ಟಿಮುಟ್ಟಾಗಿ ಕೂತಿದೆ. ಮಡ್‌ಗಾರ್ಡಿನ ಮೇಲೆ ಮೇಲ್ಮುಖ ಬಾಣದ ಗುರುತಿನ ನೆರಳೂ ಇದೆ; ಸೈನ್ಯದ ನಂಬರು ಶುರುವಾಗುವುದೇ ಆ ಬಾಣದಿಂದ, ಅದರ ಮುಂದಿನ ಎರಡಂಕಿ ಗಾಡಿ ಖರೀದಿಯಾದ ವರ್ಷ. ಈಗ ಹೇಳಿ, ನಾನು ಬಳಿದೆನೇ? ಇಲ್ಲ. ಕೆರೆದೆ. ನಿಮ್ಮ ಕಟ್ಟಳೆ ಬಳಿಯುವುದರ ಬಗ್ಗೆ. ಕೆರೆಯುವುದರ ಬಗ್ಗೆ ನೀವು ಬಾಯಿ ಬಿಟ್ಟಿಲ್ಲ. ಕೆಂಪು ಬಂದಲ್ಲಿಗೆ ನಿಲ್ಲಿಸಿದ್ದರೆ ನಾನು ಸಭ್ಯ ನಾಗರಿಕ. ಇನ್ನೊಂದಿಷ್ಟು ಉಜ್ಜಿದ್ದಕ್ಕೆ ಅಪರಾಧಿಯೇ?

ನಿಮ್ಮ ಕಿರಿಯ ಸೋದರರ ವಿಷಯವೂ ಇದೆ. 2021ರಲ್ಲಿ 81ಎಯಿಂದ 81ಜಿವರೆಗೆ ಒಂದು ಹಿಂಡು ಹುಟ್ಟಿಕೊಂಡಿತಲ್ಲ, ವಿಂಟೇಜ್ ವಾಹನಗಳ ನಿಯಮಗಳು. 50 ವರ್ಷ ದಾಟಿದ ಗಾಡಿಯನ್ನು ಮೂಲ ರೂಪದಲ್ಲೇ ಉಳಿಸಿಕೊಂಡಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು ಎನ್ನುತ್ತಾರೆ ಅವರು. ಮೂಲ ರೂಪದ ಬಣ್ಣ ಬೇಡ ಎನ್ನುತ್ತೀರಿ ನೀವು. ಒಂದೇ ಪುಸ್ತಕದೊಳಗೆ ವಾಸವಾಗಿರುವ ಅಣ್ಣತಮ್ಮಂದಿರು ಒಮ್ಮೆ ಕೂತು ಮಾತಾಡಿಕೊಳ್ಳಬಾರದೇ? 50 ವರ್ಷವನ್ನು ಅವರು ಮೊದಲ ನೋಂದಣಿಯಿಂದ ಎಣಿಸುತ್ತಾರಂತೆ. ನನ್ನ ಗಾಡಿ ಸೈನ್ಯಕ್ಕೆ ಸೇರಿದ ದಿನದಿಂದಲೋ, ಹರಾಜಾಗಿ ಹೊರಬಿದ್ದು ಆರ್‌ಟಿಒ ಮೆಟ್ಟಿಲು ಹತ್ತಿದ ದಿನದಿಂದಲೋ? ಎರಡನೆಯದಾದರೆ ಪಾಪ, ಸೇವಾವಧಿ ಪೂರ್ತಿ ಲೆಕ್ಕಕ್ಕಿಲ್ಲ. ಹೊಸದಾಗಿ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಎಂದು ಓದಿ ಉಸ್ತಾದರು ಪಾನಾ ಕೆಳಗಿಟ್ಟರು. ‘ಇಷ್ಟ್ರಾಗ ಇನ್ನೊಂದು ಎಂಜಿನ್ ಕಟ್ತಿದ್ದೆ’ ಅಂದರು. ನಾಮಕರಣದ ಖರ್ಚು ಬಾಣಂತನವನ್ನು ಮೀರಿದ್ದು ಇದೇ ಮೊದಲಿರಬೇಕು.

ಇಷ್ಟು ಕೊಟ್ಟು ‘ವಿಎ’ ಅಕ್ಷರಗಳ ನಂಬರು ಹಾಕಿಸಿಕೊಂಡರೂ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ, ಇವಕ್ಕೆ ಮಾತ್ರ ರಸ್ತೆಗಿಳಿಯಬಹುದು. ಇಲ್ಲಿ ಮಾತ್ರ ನಿಮ್ಮ ತಮ್ಮಂದಿರಿಗೆ ಕೈ ಮುಗಿಯುತ್ತೇನೆ. ಅವರು ಬುಲೆಟ್ ಇಟ್ಟುಕೊಂಡವರೇ ಇರಬೇಕು. ಹಳೇ ಬುಲೆಟ್ಟು ರಿಪೇರಿಗೆ ಹೋಗದ ದಿನ ಯಾವುದು? ಸಿಂಧನೂರಿನಿಂದ ಹೊರಟು ಮಸ್ಕಿಯಲ್ಲಿ ಕ್ಲಚ್ ವೈರು, ಲಿಂಗಸುಗೂರಿನಲ್ಲಿ ಪಾಯಿಂಟು. ಬರುವಾಗ ದಾರಿಯಲ್ಲಿ ಪೆಟ್ರೋಲು. ನಮ್ಮ ರಸ್ತೆಯ ಮೇಲೆ ಯಾವ ಬೋಲ್ಟು ಎಷ್ಟನೇ ಮೈಲಿಗೆ ಉದುರುತ್ತದೆಂದು ನೋಡುವುದೇ ತಾಂತ್ರಿಕ ಸಂಶೋಧನೆ. ಹೀಗೆ ಜೀವಮಾನವಿಡೀ ಕಾನೂನಿನ ಒಳಗೇ ತಿರುಗಬಹುದು.

ಕಂಪನಿಯವರೂ ನಿಮಗೆ ತಲೆಬಾಗಿದ್ದಾರೆ ಎಂದು ಗೊತ್ತು. ಎರಡನೇ ಮಹಾಯುದ್ಧದಲ್ಲಿ ವಿಮಾನದಿಂದ ಪ್ಯಾರಾಶೂಟಿನಲ್ಲಿ ಇಳಿಸುತ್ತಿದ್ದ ‘ಫ್ಲೈಯಿಂಗ್ ಫ್ಲೀ’ ಎಂಬ 125 ಸಿಸಿ ಗಾಡಿಯ ನೆನಪಿಗೆ 2018ರಲ್ಲಿ ಪೆಗಾಸಸ್ ಎಂಬ ಗಾಡಿ ತಂದರು. ಬಣ್ಣ ಎರಡಿದ್ದವು, ಕಂದು ಮತ್ತು ಮಿಲಿಟರಿ ಹಸಿರು. ಹಸಿರು ಹೊರದೇಶಗಳಿಗೆ ಹೋಯಿತು. ನಿಮ್ಮ ಭಯಕ್ಕೆ ಭಾರತಕ್ಕೆ ಬಂದದ್ದು ಬರೀ ಕಂದು, 250 ಗಾಡಿ. ಅಂದರೆ ಇಲ್ಲೇ ತಯಾರಾದ ಹಸಿರು ಗಾಡಿಯನ್ನು ಲಂಡನ್ನಿನ ನಾಗರಿಕ ನಿಶ್ಚಿಂತೆಯಿಂದ ಓಡಿಸಬಹುದು, ಸಿಂಧನೂರಿನವನು ಫೋಟೋ ನೋಡಬಹುದು. ಎಂಥ ಸಮಾನತೆ! ಆದರೆ ಅದು ಹೊಸ ಗಾಡಿ, ವೇಷಧಾರಿ. ನನ್ನದು ನಿಜವಾಗಿ ದುಡಿದದ್ದು. ಇಬ್ಬರಿಗೂ ಒಂದೇ ಕಾನೂನೇ?

ನಿಮಗಿಂತ ಹಿಂದೆ ನಮ್ಮ ಸೀಮೆಗೆ ಬಂದ ಸರ್ಕಾರಿ ಆದೇಶವೊಂದಿದೆ, ಮಸ್ಕಿಯ ಬಂಡೆಯ ಮೇಲೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಅದನ್ನು ಪತ್ತೆ ಮಾಡಿದ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಲೋಕಕ್ಕೆ ಖಾತ್ರಿಯಾಗಿದ್ದು ಅದರಿಂದ. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ಬರೀ ಬಿರುದಿತ್ತು, ಇದರಲ್ಲಿ ಹೆಸರೂ ಇತ್ತು. ಕಾಗದ ಒತ್ತಿ ಅದರ ಅಚ್ಚು ತೆಗೆದರು. ಆರ್‌ಟಿಒದಲ್ಲಿ ನನಗೂ ಅದನ್ನೇ ಮಾಡಲು ಹೇಳಿದ್ದಾರೆ: ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ತರಬೇಕು. ತಂದೆ. ಎರಡು ಅಂಕಿ ಸವೆದಿವೆ. ‘ಇದು 3 ಏನ್ರಿ, 8 ಏನ್ರಿ?’ ಎಂದು ಗಾಜಿನ ಕಿಂಡಿಯ ಆಚೆಯಿಂದ ಕೇಳಿದರು. ಶಾಸನತಜ್ಞರನ್ನು ಕರೆಸೋಣವೇ ಎಂದೆ. ಅವರಿಗೆ ನಗು ಬರಲಿಲ್ಲ. ಎರಡು ಸಾವಿರ ವರ್ಷ ದಾಟಿದ ಬಂಡೆಯನ್ನು ಓದುತ್ತೇವೆ, 50 ವರ್ಷದ ತಗಡನ್ನು ಓದಲಾಗುತ್ತಿಲ್ಲ. ಅಶೋಕ ಶುಲ್ಕವನ್ನೂ ಕೇಳಿರಲಿಲ್ಲ.

ಆದ್ದರಿಂದ ನನ್ನ ಪ್ರಾರ್ಥನೆ ಇಷ್ಟೇ. ಸೈನ್ಯದಿಂದ ಹರಾಜಿನಲ್ಲಿ ಬಿಡುಗಡೆಯಾದ ಕಾಗದ ಇದ್ದು, ವಯಸ್ಸು 50 ದಾಟಿದ್ದು, ಕೆರೆದರೆ ಒಳಗೆ ಹಸಿರು ಸಿಗುವ ಗಾಡಿಗಾದರೂ ಅದರ ಬಣ್ಣವನ್ನು ಅದಕ್ಕೆ ಬಿಟ್ಟುಕೊಡಿ. ಮೋಸ ಆದೀತೆಂದು ಅನುಮಾನವಿದ್ದರೆ ಟ್ಯಾಂಕಿನ ಮೇಲೆ ‘ಇದು ಸೈನ್ಯದ್ದಲ್ಲ, ಸಾಲದ್ದು’ ಎಂದು ಬರೆಸುತ್ತೇನೆ. ಅದೂ ಆಗದಿದ್ದರೆ ಕಲ್ಯಾಣ ಕರ್ನಾಟಕದ 371(ಜೆ) ಅಡಿಯಲ್ಲಿ ಸ್ಥಳೀಯ ಅಭ್ಯರ್ಥಿ ಎಂದಾದರೂ ಪರಿಗಣಿಸಿ. ಇಷ್ಟು ವರ್ಷ ಲಿಂಗಸುಗೂರಿನ ಮೇವಿನ ಕೆಳಗಿದ್ದದ್ದಕ್ಕೆ ವಾಸ್ತವ್ಯದ ಸಾಕ್ಷಿ ಹೇಳಲು ಆ ಮನೆಯವರ ಎಮ್ಮೆಗಳಿವೆ.

ನಿಮ್ಮ ಉತ್ತರ ಬರುವ ತನಕ ಗಾಡಿಗೆ ರೆಡ್ ಆಕ್ಸೈಡ್ ಬಳಿದು ನಿಲ್ಲಿಸಿದ್ದೇನೆ. ಹಸಿರು ಹೊರಬಂದ ಭಾಗಕ್ಕೆ ನಮ್ಮ ಮನೆಯಾಕೆಯ ಹಳೇ ಇಳಕಲ್ ಸೀರೆಯ ತುಂಡು ಹೊದಿಸಿದೆ. ಪೊಲೀಸರು ಕಂಡರೆ ಬಿಸಿಲಿಗೆ ಎಂದು ಹೇಳುತ್ತೇನೆ.

ಇತಿ ನಿಮ್ಮ ವಿಧೇಯ,
ಸಿಂಧನೂರಿನ ಒಬ್ಬ ಬುಲೆಟ್ಟಿನ ಒಡೆಯ

ತಾ.ಕ.: ಬಣ್ಣದ ಡಬ್ಬಿ ತಂದಾಗಿತ್ತು, ಅಂಗಡಿಯವನು ವಾಪಸು ತಗೊಳ್ಳಲಿಲ್ಲ. ಸುಮ್ಮನೆ ಕೆಡುತ್ತದೆಂದು ಅವ್ವ ಅದನ್ನು ಬೀದಿಬಾಗಿಲಿಗೆ ಹಚ್ಚಿಸಿದ್ದಾಳೆ. ಬಾಗಿಲು ಮೋಟಾರು ವಾಹನವಲ್ಲ ಎಂದು ನಾನು ನಂಬಿದ್ದೇನೆ. ಆದರೆ ಅಂದಿನಿಂದ ಚಂದಾ ಪಟ್ಟಿ ಕೇಳಲು ಬರುವ ಹುಡುಗರು ನಮ್ಮ ಮನೆಯೊಂದನ್ನು ಬಿಟ್ಟು ಮುಂದೆ ಹೋಗುತ್ತಿದ್ದಾರೆ. ಈ ಸೌಲಭ್ಯವನ್ನು ದಯವಿಟ್ಟು ಮುಂದುವರಿಸಬೇಕು.